ಪೂಜೆ ಮಾಡಿದ ಜಾಕು

ತಣಿಸಂದ್ರದ ಬಾಲರಾಜುವಿಗೆ ನಾಲ್ಕು ಬಾಡಿಗೆ ಮನೆ, ಒಂದು ಕಲ್ಯಾಣಮಂಟಪದಲ್ಲಿ ಪಾಲು, ಮತ್ತು ಅಪ್ಪ ಮುನಿಕೃಷ್ಣಪ್ಪ ಬಿಟ್ಟುಹೋದ ಒಂದು ಹಳೇ ಜೀಪು ಇದ್ದವು. ಮೊದಲಿನ ಎರಡನ್ನು ನೋಡಿಕೊಳ್ಳಲು ಮ್ಯಾನೇಜರ್ ಇದ್ದ. ಜೀಪನ್ನು ಮಾತ್ರ ಬಾಲರಾಜು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಭಾನುವಾರ ಬಂತೆಂದರೆ ಅದನ್ನು ಯಾವುದಾದರೂ ಕೆರೆಯಂಗಳಕ್ಕೆ ಇಳಿಸಿ, ಕೆಸರಲ್ಲಿ ಹೊರಳಾಡಿಸಿ, ಮಧ್ಯಾಹ್ನದ ಮುದ್ದೆಯ ಹೊತ್ತಿಗೆ ಮನೆಗೆ ತರುತ್ತಿದ್ದ. ಇದಕ್ಕೆ ಆಫ್‌ರೋಡಿಂಗ್ ಅಂತ ಹೆಸರು. ಮುನಿಕೃಷ್ಣಪ್ಪ ಇದೇ ಜೀಪಿನಲ್ಲಿ, ಇದೇ ಕೆಸರಲ್ಲಿ, ಜೀವಮಾನವೆಲ್ಲಾ ಹೂಕೋಸು ಸಾಗಿಸಿದ್ದರು. ಆಗ ಅದಕ್ಕೆ ಹೆಸರಿರಲಿಲ್ಲ.

ಮುಂಗಾರಿನಲ್ಲಿ ಒಮ್ಮೆ ಜೀಪು ಕೆರೆಯಲ್ಲಿ ಹೂತುಹೋಯಿತು. ಎಳೆದು ತಂದದ್ದು ಹೆಂಡತಿ ನಾಗಲಕ್ಷ್ಮಿಯ ತಮ್ಮ ಸತೀಶನ ಟ್ರ್ಯಾಕ್ಟರು. ಎಳೆದದ್ದಾದರೂ ಹೋಗಲಿ, ಪುಣ್ಯಾತ್ಮ ವಿಡಿಯೋ ಮಾಡಿ ನೆಂಟರಿಗೆಲ್ಲ ಕಳಿಸಿದ. ಆಮೇಲೆ ಅಕ್ಕನ ಮನೆಯಲ್ಲೇ ಊಟಕ್ಕೆ ಕೂತು ಹೇಳಿದ: "ಬಾವ, ಆ ಜೀಪು ನಂಗೆ ಕೊಟ್ಬಿಡಿ. ನಮ್ ಹೋಟೆಲ್ ಮುಂದೆ ನಿಲ್ಸಿ, ಬಾನೆಟ್ ಮೇಲೆ ಹೂವಿನ ಕುಂಡ ಇಡ್ತೀನಿ. ಜನ ಸೆಲ್ಫಿ ತಗೊಳ್ತಾರೆ."

ಅಪ್ಪನ ಜೀಪಿನ ಮೇಲೆ ಕುಂಡ ಎಂಬ ಮಾತಿಗೇ ಬಾಲರಾಜು ಬೈಯಲು ಹೊರಟ. ಆದರೆ ಬಾಯಲ್ಲಿ ಮುದ್ದೆಯ ತುತ್ತಿತ್ತು. ಅಷ್ಟರಲ್ಲಿ ಸಾರು ಬಡಿಸುತ್ತಿದ್ದ ನಾಗಲಕ್ಷ್ಮಿ ನೆಂಟರೆದುರೇ ಅಂದಳು: "ಇನ್ನೊಂದ್ಸಲ ಸತೀಶನ ಟ್ರ್ಯಾಕ್ಟರ್ ಕೈಲಿ ಎಳಿಸ್ಕೊಂಡ್ರೆ ಜೀಪು ಅವನಿಗೇ. ಆಯ್ತೇನ್ರೀ?" ಬಾಲರಾಜು ತುತ್ತು ನುಂಗಲು ತಲೆ ಬಗ್ಗಿಸಿದ. ಎಲ್ಲರೂ ಅದನ್ನು ಒಪ್ಪಿಗೆ ಅಂದುಕೊಂಡರು.

ಮಾರನೇ ದಿನವೇ ಅವನು ಯಶವಂತಪುರದ ಮುಬೀನನ ಅಂಗಡಿಯಲ್ಲಿದ್ದ. ಟ್ರ್ಯಾಕ್ಟರಿನ ಹಂಗಿಲ್ಲದೆ ಗಾಡಿ ಎತ್ತುವ ಜಾಕು ಬೇಕಿತ್ತು. ಮುಬೀನನ ವ್ಯಾಪಾರ ಸರಳ. ಗಿರಾಕಿ ಯಾವುದನ್ನು ನೋಡುತ್ತಾನೋ ಅವನು ಅದನ್ನೇ ಹೊಗಳುತ್ತಿದ್ದ.

"ಇದು ಬಾಟಲ್ ಜಾಕು. ಲಾರೀನೇ ಎತ್ತುತ್ತೆ."

"ಕೆಸರಲ್ಲಿ?"

"ಕೆಸರಲ್ಲಿ ಅದೇ ಒಳಗೆ ಹೋಗುತ್ತೆ."

ಮೂಲೆಯಲ್ಲಿ ಮಡಚಿಟ್ಟ ದಪ್ಪ ಚೀಲವೊಂದಿತ್ತು. ಸೈಲೆನ್ಸರಿನ ಹೊಗೆ ತುಂಬಿಸಿದರೆ ಅದು ಉಬ್ಬಿ ಗಾಡಿಯನ್ನೇ ಎತ್ತುತ್ತದಂತೆ. ಮೆತ್ತನೆಯ ನೆಲಕ್ಕೆ ಇದನ್ನು ಮೀರಿಸಿದ್ದಿಲ್ಲ ಎಂದ ಮುಬೀನ್. ಬಾಲರಾಜು ಅದನ್ನು ಕಾಲಲ್ಲಿ ಮುಟ್ಟಿ ನೋಡಿದ. ನೆಂಟರು ನೋಡಿದರೆ ಹಾಸಿಗೆ ಹೊತ್ತುಕೊಂಡು ತಿರುಗುತ್ತಾನೆ ಅಂದಾರು.

ಕೊನೆಗೆ ಗೋಡೆಗೆ ಒರಗಿದ್ದ ಎದೆಯೆತ್ತರದ ಕಬ್ಬಿಣ ಕಣ್ಣಿಗೆ ಬಿತ್ತು. ಮೈಯೆಲ್ಲ ತೂತು, ಪಕ್ಕದಲ್ಲಿ ಉದ್ದನೆಯ ಹಿಡಿಕೆ. ಹಿಡಿಕೆ ಒತ್ತಿದಂತೆಲ್ಲ ಒಳಗಿನ ಪಿನ್ನುಗಳು ಒಂದೊಂದೇ ತೂತು ಹತ್ತುತ್ತಾ ಗಾಡಿಯನ್ನು ಮೇಲೆತ್ತುತ್ತವೆ. "ಫಾರ್ಮ್ ಜಾಕು ಸಾರ್," ಎಂದ ಮುಬೀನ್. "ಹಳೇ ಜೀಪಿಗೆ ಕಬ್ಬಿಣದ ಬಂಪರ್ ಇರುತ್ತಲ್ಲ, ಅದಕ್ಕೇ ಮಾಡಿಸಿದಂಗಿದೆ. ಕೆಳಗೊಂದು ಹಲಗೆ ಇಟ್ಕೊಳಿ." ಹೊಲವೆಲ್ಲ ಅಪಾರ್ಟ್‌ಮೆಂಟಾದ ಮೇಲೆ ಬಾಲರಾಜುವಿನ ಪಾಲಿಗೆ ಬಂದ ಮೊದಲ ಫಾರ್ಮ್ ಸಾಮಾನು ಅದು. ಖುಷಿಯಲ್ಲಿ ಹಲಗೆಯ ಮಾತು ಕಿವಿಗೆ ಬೀಳಲಿಲ್ಲ.

ಜಾಕನ್ನು ಜೀಪಿನ ಬಾನೆಟ್ ಮೇಲೆ ಊರಿಗೆಲ್ಲ ಕಾಣುವಂತೆ ಬಿಗಿಸಿದ. ಆಯುಧಪೂಜೆ ಬಂತು. ಜೀಪನ್ನು ಮುಟ್ಟಲು ನಾಗಲಕ್ಷ್ಮಿಗೆ ವರ್ಷಕ್ಕೆ ಸಿಗುತ್ತಿದ್ದದ್ದು ಅದೊಂದೇ ದಿನ. ಅವಳು ಸುಮ್ಮನೆ ಬಿಟ್ಟಾಳೆಯೇ? ಗಂಧ, ಅರಿಶಿನ, ಕುಂಕುಮ ಕಲಸಿ ಜಾಕಿನ ಒಂದು ತೂತನ್ನೂ ಬಿಡದೆ ಹಚ್ಚಿದಳು. ಅದರ ಮೇಲೇ ನಿಂಬೆಹಣ್ಣು ಹಿಂಡಿ, ತೆಂಗಿನಕಾಯಿ ಒಡೆದು ನೀರು ಬಿಟ್ಟಳು. ಬಾಲರಾಜು ಕಣ್ಣುಮುಚ್ಚಿ ಕೈಮುಗಿದ.

ಮುಂದಿನ ಭಾನುವಾರ ಕೆರೆಯ ಕೆಸರನ್ನು ಜೀಪು ಸಲೀಸಾಗಿ ದಾಟಿತು. ಬಾಲರಾಜು ಮೀಸೆ ತೀಡಿಕೊಂಡು ವಾಪಸು ಬಂದವನು ತನ್ನದೇ ಬೀದಿಯ ತಿರುವಿನಲ್ಲಿ ಹೂತುಹೋದ. ಪೈಪು ಹೂತವರು ಮೇಲೆ ಬರೀ ಸಡಿಲ ಮಣ್ಣು ಎಳೆದು ಹೋಗಿದ್ದರು. ರಾತ್ರಿಯ ಮಳೆಗೆ ಅದು ಗಂಜಿಯಾಗಿತ್ತು. ಎಡಗಡೆಯ ಮುಂದಿನ ಚಕ್ರ ಪೂರ್ತಿ ಒಳಗಿಳಿದಿತ್ತು. ಎದುರಿಗೇ ಸತೀಶನ ಮನೆ, ಮನೆ ಮುಂದೆ ಅವನ ಟ್ರ್ಯಾಕ್ಟರು. ಸತೀಶ ಯಲಹಂಕದ ಗೃಹಪ್ರವೇಶವೊಂದಕ್ಕೆ ಹೋಗಿದ್ದ, ಉಂಡು ಬರುವವನಿದ್ದ.

ಬಾಲರಾಜು ಜಾಕನ್ನು ಇಳಿಸಿ ಬಂಪರಿಗೆ ಕೊಟ್ಟು ಹಿಡಿಕೆ ಒತ್ತಿದ. ಪಿನ್ನು ಅಲ್ಲಾಡಲಿಲ್ಲ. ಬಗ್ಗಿ ನೋಡಿದರೆ ಗಂಧ ಕುಂಕುಮವೆಲ್ಲ ಒಣಗಿ ಸಿಮೆಂಟಿನಂತೆ ಕಚ್ಚಿಕೊಂಡಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿ ಮನೆಯೊಳಗೇ ಇದ್ದಳು. ಆ ಪೂಜಾರಿಯದೇ ಫೋನು ಬಂತು.

"ಎಲ್ಲಿದೀರಾ?"

"ಇಲ್ಲೇ."

"ಇಲ್ಲೇ ಅಂದ್ರೆ?"

"ಟೆರೇಸ್ ಮೇಲೆ ನಿಂತ್ರೆ ಕಾಣ್ತೀನಿ."

ನಾಗಲಕ್ಷ್ಮಿ ಬಂದಳು. ಚಕ್ರ ನೋಡಿದಳು, ತಮ್ಮನ ಟ್ರ್ಯಾಕ್ಟರು ನೋಡಿದಳು. ಅವಳು ಒಂದು ಫೋನು ಮಾಡಿದರೆ ಅಪ್ಪನ ಜೀಪಿನ ಮೇಲೆ ಕುಂಡ ಕೂತಂತೆಯೇ.

"ನಿನ್ನ ಪೂಜೆ ಕಣೇ ಇದು," ಎಂದ.

ಅವಳು ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ನು ತೆಗೆದು ಕುಕ್ಕರುಗಾಲಲ್ಲಿ ಕೂತು, ಜಾಕಿನ ಸಂದಿಯಿಂದ ತನ್ನ ಭಕ್ತಿಯನ್ನೆಲ್ಲ ಚೂರುಚೂರಾಗಿ ಕೆರೆದು ತೆಗೆದಳು. ಜಾಕು ಟಕ್ ಎಂದಿತು. ಬಾಲರಾಜು ಜೋರಾಗಿ ಒತ್ತಿದ. ಜೀಪು ಮೇಲೇಳಲಿಲ್ಲ, ಜಾಕೇ ಕೆಳಗಿಳಿಯಿತು. ಆಗ ಮುಬೀನನ ಹಲಗೆ ನೆನಪಾಯಿತು.

ಸುತ್ತಮುತ್ತ ಇದ್ದದ್ದು ಒಂದೇ ಹಲಗೆ, ಸತೀಶನ ಹುಟ್ಟುಹಬ್ಬದ ಬೋರ್ಡು. ಗಾಳಿಗೆ ಹಾರದಿರಲೆಂದು ದಪ್ಪ ಪ್ಲೈವುಡ್ಡಿಗೆ ಹೊಡೆಸಿದ್ದ. ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಗುತ್ತಿದ್ದ ಸತೀಶನನ್ನು ಅವನಕ್ಕ ಕಂಬದಿಂದ ಬಿಚ್ಚಿ ಮಣ್ಣಿಗೆ ಅಂಗಾತ ಹಾಕಿದಳು. ಜಾಕಿನ ಪಾದ ಸರಿಯಾಗಿ ಹಣೆಯ ಮೇಲೆ ಕೂತಿತು. ಜೀಪು ಎದ್ದಿತು. ಜಾಕು ಓಲಾಡದಂತೆ ಬಾಲರಾಜು ಹಿಡಿದುಕೊಂಡ. ನಾಗಲಕ್ಷ್ಮಿ ಕೈ ಒಳಗಿಡದೆ, ಕೋಲಿನಿಂದ ಒಡೆದ ಇಟ್ಟಿಗೆಗಳನ್ನು ಚಕ್ರದಡಿ ನೂಕಿದಳು. ಇದು ಒಬ್ಬರ ಕೆಲಸವಲ್ಲ ಎಂದು ಯಾವ ಅಂಗಡಿಯವನೂ ಅವನಿಗೆ ಹೇಳಿರಲಿಲ್ಲ.

ಜಾಕು ಇಳಿಸಿ ಅವನು ತಲೆಯೆತ್ತುವಷ್ಟರಲ್ಲಿ ಅವಳು ಸ್ಟಿಯರಿಂಗ್ ಹಿಂದೆ ಕೂತಿದ್ದಳು. ಸೆರಗು ಸಿಕ್ಕಿಸಿ, ಗೇರು ಹಾಕಿ, ಒಂದೇ ಉಸಿರಿಗೆ ಜೀಪನ್ನು ಗಟ್ಟಿ ನೆಲಕ್ಕೆ ತಂದು ನಿಲ್ಲಿಸಿದಳು.

"ಯಾರೇ ಕಲಿಸಿದ್ದು?"

"ಮಾವ. ಮದುವೆಯಾದ ಹೊಸದ್ರಲ್ಲಿ, ಕೋಸಿನ ಹೊಲದಲ್ಲಿ. ನೀವು ಕೇಳ್ಲಿಲ್ಲ."

ಅಷ್ಟರಲ್ಲಿ ಸತೀಶನ ಬೈಕು ಬಂತು. "ಟ್ರ್ಯಾಕ್ಟರ್ ತರ್ಲಾ ಬಾವ?" ಎಂದವನು ಕೆಸರಲ್ಲಿ ಮಲಗಿದ್ದ ತನ್ನನ್ನು ತಾನೇ ಕಂಡ. ಹಣೆಯ ಮೇಲೆ ಚೌಕಾಕಾರದ ಮುದ್ರೆ, ಒಂದಿಷ್ಟು ಕುಂಕುಮ. "ಇದ್ಯಾರು ಬೀಳ್ಸಿದ್ದು?"

"ಮಳೆ ಕಣೋ," ಎಂದಳು ನಾಗಲಕ್ಷ್ಮಿ.

ಸತೀಶ ಬೋರ್ಡು ಎತ್ತಿಕೊಂಡು ಒಳಗೆ ಹೋದ. ಬಾಲರಾಜು ಜೀಪಿನ ಪಕ್ಕಕ್ಕೆ ಬಂದು ಕೇಳಿದ: "ಹಂಗಾದ್ರೆ ಆವತ್ತು ಜೀಪು ಅವನಿಗೇ ಅಂದಿದ್ಯಾಕೆ?"

ಅವಳು ಮುಂದಿನ ಗಾಜನ್ನೇ ನೋಡುತ್ತಿದ್ದಳು. "ಅವನ ಹೋಟೆಲ್ ಮುಂದೆ ನಿಂತಿದ್ರೆ, ಒಂದ್ಸಲ ಹೋಗಿ ಇದರೊಳಗೆ ಕೂತ್ಕೊಂಡಾದ್ರೂ ಬರಬಹುದಿತ್ತು."

ಬಾಲರಾಜುವಿಗೆ ತನ್ನ ಮೇಲೇ ನಾಚಿಕೆಯಾಯಿತು. ಪಕ್ಕದ ಸೀಟಿನಲ್ಲಿ ವರ್ಷಗಟ್ಟಲೆಯಿಂದ ಸ್ಪ್ಯಾನರಿನ ಪೆಟ್ಟಿಗೆ ಕೂತಿತ್ತು. ಅದನ್ನೆತ್ತಿ ಹಿಂದಕ್ಕಿಟ್ಟು, ಜಾಕನ್ನೂ ಹಿಂದಕ್ಕೆ ಹಾಕಿ, ಆ ಸೀಟಿನಲ್ಲಿ ಕೂತ. ಜೀಪು ಮನೆ ಕಡೆಗೆ ತಿರುಗಲಿಲ್ಲ, ಕೆರೆ ಕಡೆಗೆ ತಿರುಗಿತು. ಮುದ್ದೆ ಆರಿಹೋಗುತ್ತದೆ ಎಂದು ಅವನು ನೆನಪಿಸಿದ. ನಾಗಲಕ್ಷ್ಮಿ ಗೇರು ಬದಲಾಯಿಸಿದಳು.