ನಾಲ್ಕೂಕಾಲರ ಊಟ

ಮುಚ್ಚಳ ಬಿಗಿಯಾಗಿ ಕೂತಿದೆ, ಡಬ್ಬಿಯನ್ನು ಮೊಣಕಾಲುಗಳ ನಡುವೆ ಹಿಡಿದು ತಿರುಗಿಸಬೇಕು, ಚಪಾತಿ ಬೆವೆತಿರುತ್ತದೆ, ಇರಲಿ, ಬೆಳಿಗ್ಗೆ ಐದಕ್ಕೆ ಲಟ್ಟಿಸಿದ್ದು ಇನ್ನೇನಾಗಬೇಕು, ಮೊದಲು ಅತ್ತೆಯ ತಟ್ಟೆಗೆ, ಆಮೇಲೆ ಇವರಿಗೆ, ತ್ರಿಷಾ ಎಲ್ಲಿ, ಹಿನ್ನೀರಿನ ದಡದ ಈ ಮುರಿದ ಚರ್ಚಿನ ಕಮಾನಿನ ಕೆಳಗೆ ಫೋನು ಎತ್ತಿ ಹಿಡಿದು ನಿಂತಿದ್ದಾಳೆ, ಬಾರೇ, ನಾಲ್ಕೂಕಾಲಾಯಿತು, ಹೊತ್ತು ಮುಳುಗುತ್ತದೆ — ಹದಿನೇಳು ವರ್ಷದ ಮಗಳಿಗೆ ನಾನು ಅತಿ ಹೆಚ್ಚು ಸಲ ಹೇಳಿದ ಮಾತು ಇದೇ ಇರಬೇಕು. ಬೆಳಗಿನಿಂದ ಈ ಚೀಲ ತೊಡೆಯ ಮೇಲೆ, ನಮ್ಮ ಯಜಮಾನರು ಶಾಂತರಾಜು ಅವರಿಗೆ ಭಾನುವಾರ ಬಂದರೆ ಕಾಲು ನಿಲ್ಲುವುದಿಲ್ಲ, ದೇಶದ ಆ ತುದಿಯಿಂದ ಈ ತುದಿಗೆ ಬಂದಿದ್ದೇವೆ, ಸುತ್ತಮುತ್ತ ನೋಡುವುದು ಬೇಡವೇ ಅನ್ನುತ್ತಾರೆ, ಚನ್ನರಾಯಪಟ್ಟಣದಿಂದ ಹೊರಟು ಹೊಳೆನರಸೀಪುರ, ಅಲ್ಲಿ ಸೇತುವೆಯ ಪಕ್ಕ ನಿಲ್ಲಿಸಿ ಹೇಮಾವತಿ ನೋಡು ಎಂದರು, ನಾನು ಪಲ್ಯದ ಎಣ್ಣೆ ಸೋರಿದೆಯೇ ಎಂದು ನೋಡುತ್ತಿದ್ದೆ, ಅರಕಲಗೂಡಿನಲ್ಲಿ ಶುಂಠಿ ಮೂಟೆಗಳ ಘಾಟು, ಅಲ್ಲೂ ಇಳಿದರು, ನಾನು ಇಳಿಯಲಿಲ್ಲ, ಹಾಸನ ಮುಂದಿನ ವಾರವಂತೆ, ಮುಂದಿನ ವಾರವೂ ಬೆಳಿಗ್ಗೆ ಐದಕ್ಕೆ ಎರಡು ಹೊತ್ತಿನ ಅಡುಗೆ, ಹೊರಗೆ ತಿನ್ನುವಂತಿಲ್ಲ, ಈರುಳ್ಳಿ ಇಲ್ಲದ್ದು ಎಲ್ಲಿ ಸಿಗುತ್ತದೆ. ಹೊತ್ತು ಮುಳುಗಿದ ಮೇಲೆ ಜೈನರ ಮನೆಯಲ್ಲಿ ತುತ್ತು ಎತ್ತುವಂತಿಲ್ಲ, ಮದುವೆಯಾಗಿ ಕಾರ್ಕಳದಿಂದ ಅಸ್ಸಾಮಿನ ತಿನ್ಸುಕಿಯಾಕ್ಕೆ ಹೋದಾಗ ಅಡುಗೆಮನೆಯ ಗೋಡೆಗೆ ಅತ್ತೆ ಅಂಟಿಸಿದ್ದ ಸೂರ್ಯಾಸ್ತದ ಪಟ್ಟಿ ಈಗಲೂ ಕಣ್ಣಮುಂದಿದೆ, ಜನವರಿಯಲ್ಲಿ ನಾಲ್ಕೂವರೆ ದಾಟಿ ಸ್ವಲ್ಪ ಹೊತ್ತಿಗೆ ಅಸ್ತ, ಅಂದರೆ ಮೂರಕ್ಕೇ ಒಲೆ, ನಾಲ್ಕಕ್ಕೆ ತಟ್ಟೆ, ಮಧ್ಯಾಹ್ನದ ಪಾತ್ರೆ ಒಣಗುವ ಮೊದಲೇ ರಾತ್ರಿಯ ಪಾತ್ರೆ, ಹತ್ತೊಂಬತ್ತು ಚಳಿಗಾಲ ಸೂರ್ಯನನ್ನು ಗೋಡೆಯ ಮೇಲೆ ಓದಿದೆ, ಆಕಾಶದಲ್ಲಿ ನೋಡಿದ್ದು ನೆನಪಿಲ್ಲ.

ಅಷ್ಟರಲ್ಲಿ ದಡದ ಮೇಲಿನ ಹೊಲದಿಂದ ಆ ಹೆಂಗಸು ಇಳಿದು ಬಂದಳು, ಪುಟ್ಟತಾಯಮ್ಮ, ಹೆಸರು ಕೇಳುವ ಮೊದಲೇ ಹೇಳಿಕೊಂಡಳು, ಸೆರಗಿನಲ್ಲಿ ಬೇಯಿಸಿದ ಗೆಣಸು, ತಕ್ಕಳ್ರವ್ವ, ಬಿಸಿ ಐತೆ. ಅತ್ತೆ ಕೈ ಅಡ್ಡ ಹಿಡಿದರು, ನಾವು ನೆಲದೊಳಗೆ ಬೆಳೆದದ್ದು ತಿನ್ನುವುದಿಲ್ಲಮ್ಮ. ಅಯ್ಯೋ, ನಮ್ ಬದುಕೆಲ್ಲಾ ನೆಲದೊಳಗೇ ಕಣವ್ವ, ಶುಂಠಿ, ಆಲೂಗಡ್ಡೆ, ನೀವೇನಾದ್ರೂ ನಮ್ಮೂರ್ಗೆ ಸೊಸೆಯಾಗಿ ಬಂದಿದ್ರೆ ಗಾಳಿ ಕುಡೀಬೇಕಿತ್ತು. ಅತ್ತೆಗೂ ನಗು ಬಂತು, ಅನಂತಮ್ಮನವರು ನಕ್ಕು ಎಷ್ಟು ದಿನವಾಗಿತ್ತು. ನಾನು ಬಡಿಸುತ್ತಲೇ ಇದ್ದೆ, ಬೇಗ ಬೇಗ, ಒಂದು ಕೈಯಲ್ಲಿ ಅನ್ನ ಒಂದು ಕೈಯಲ್ಲಿ ತೊವ್ವೆ, ಅವಳು ಸೊಂಟಕ್ಕೆ ಕೈಕೊಟ್ಟು ನನ್ನನ್ನೇ ನೋಡಿದಳು, ಇದ್ಯಾಕವ್ವ ಇಂಗ್ ಆತ್ರ ಬಿದ್ದೀಯೆ. ಹೊತ್ತು ಮುಳುಗುವುದರೊಳಗೆ ಉಣ್ಣಬೇಕು ಎಂದೆ. ಒತ್ತಾ, ಅಲ್ ನೋಡು, ನಮ್ ಒತ್ತು ಮುಳುಗಾಕೆ ಆರು ಗಂಟೆ ದಾಟ್ತದೆ, ಅಷ್ಟ್ರಲ್ಲಿ ನಾನು ಹಸ ಕರ್ದು ಮುದ್ದೆ ತಿರುವಾಕ್ಬುಡ್ತೀನಿ. ಎತ್ತಿದ ಸೌಟು ಹಾಗೇ ನಿಂತಿತು, ಚರ್ಚಿನ ಗೋಡೆಯ ಮೇಲೆ, ಎರಡಾಳೆತ್ತರದಲ್ಲಿ, ಬಿಳಿಯಾಗಿ ಸುಡುತ್ತಿತ್ತು ಸೂರ್ಯ, ಇಳಿಯುವ ಯೋಚನೆಯೇ ಇಲ್ಲದ ಹಾಗೆ.

ಇವರ ಫ್ಯಾಕ್ಟರಿಯ ಕೆಲಸಕ್ಕೆಂದು ಚನ್ನರಾಯಪಟ್ಟಣಕ್ಕೆ ಬಂದು ಮೂರು ತಿಂಗಳಾಯಿತು, ಮೂರು ತಿಂಗಳೂ ಮೂರಕ್ಕೇ ಒಲೆ ಹಚ್ಚಿದ್ದೇನೆ, ಇವರ ಫೋನಿನಲ್ಲಿ ಸೂರ್ಯಾಸ್ತದ ವೇಳೆ ಬರುತ್ತದೆ, ಅತ್ತೆಯ ಪಂಚಾಂಗದಲ್ಲೂ ಇದೆ, ಯಾರೂ ಹೇಳಲಿಲ್ಲ, ತಟ್ಟೆ ಮುಂದೆ ಬಂದರೆ ಯಾರು ಗಡಿಯಾರ ನೋಡುತ್ತಾರೆ, ನನಗೂ ಕಣ್ಣಿತ್ತಲ್ಲ, ಕಿಟಕಿಯಲ್ಲಿ ಬೆಳಕಿತ್ತಲ್ಲ, ಕೈ ಮಾತ್ರ ಇನ್ನೂ ತಿನ್ಸುಕಿಯಾದಲ್ಲೇ ಇತ್ತು. ಈಗ ಎಲ್ಲರಿಗೂ ಒಮ್ಮೆಗೇ ನೆನಪಾಯಿತು, ಇವರು ಬಾಯಿ ಒರೆಸಿಕೊಳ್ಳುತ್ತಾ ಹೌದಲ್ಲ, ನಾಳೆಯಿಂದ ಐದೂವರೆಗೆ ಬಿಸಿಯಾಗಿ ಮಾಡು, ನಾನೂ ಫ್ಯಾಕ್ಟರಿಯಿಂದ ಬಂದಿರುತ್ತೇನೆ, ಆರಿದ್ದು ತಿನ್ನುವುದು ತಪ್ಪುತ್ತದೆ ಎಂದರು, ಅತ್ತೆ ಹಾಗಾದರೆ ಮೂರಕ್ಕೆ ಹೊರಟು ನನ್ನನ್ನು ಬೆಳಗೊಳಕ್ಕೆ ಕರೆದುಕೊಂಡು ಹೋಗಿ ಬರಬಹುದು ಎಂದರು, ತ್ರಿಷಾ ಕಮಾನಿನಿಂದ ಓಡಿಬಂದು ಮಮ್ಮಿ ಫ್ರೀ ಆದರೆ ನನ್ನ ಸ್ಕೂಟಿ ಕಲಿಕೆಗೆ ಹಿಂದೆ ಕೂರಲಿ ಎಂದಳು. ಬಿಡುವು ಸಿಕ್ಕಿ ಐದು ನಿಮಿಷವಾಗಿಲ್ಲ, ಆಗಲೇ ಮೂರು ಪಾಲು, ನನಗೊಂದು ಚೂರೂ ಇಲ್ಲ. ಪುಟ್ಟತಾಯಮ್ಮ ಗೆಣಸು ಸುಲಿಯುತ್ತಾ, ನಿನ್ ಸೊಸೆಗೆ ವಸಿ ಕುಂತ್ಕಳಾಕ್ ಬುಡಮ್ಮ, ಕಣ್ ನೋಡು ಎಂಗ್ ಒಳಕ್ಕೋಗವೆ. ಇವರು ಗೋಡೆಯ ಮೇಲಿನ ಕೊಕ್ಕರೆ ತೋರಿಸಿದರು.

ಆಗಲಿ ಎಂದೆ, ಐದೂವರೆಗೇ ಬಡಿಸುತ್ತೇನೆ. ತಟ್ಟೆಗಳನ್ನು ಒಂದರೊಳಗೊಂದು ಇಟ್ಟೆ, ಮೂವರೂ ನೀರಿನ ಕಡೆ ಹೋದರು, ಅವಳು ಹಸುವಿನ ಕಡೆ, ಚಾಪೆಯ ಮೇಲೆ ನಾನೊಬ್ಬಳೇ, ಗಂಟೆ ನಾಲ್ಕು ಮುಕ್ಕಾಲು, ಮಾಡಲು ಏನೂ ಇಲ್ಲ, ಕೈ ಎಲ್ಲಿಡಬೇಕೋ ತಿಳಿಯುತ್ತಿಲ್ಲ. ಅತ್ತೆಯನ್ನು ವಾರಕ್ಕೊಮ್ಮೆ ಕರೆದುಕೊಂಡು ಹೋಗುತ್ತೇನೆ, ಸ್ಕೂಟಿಯನ್ನು ಮಗಳಿಗೆ ಅವಳಪ್ಪ ಕಲಿಸಲಿ, ಉಳಿದ ದಿನ ಮೂರಕ್ಕೇ ಒಲೆ, ನಾಲ್ಕಕ್ಕೆ ಎಲ್ಲ ಮುಗಿದಿರುತ್ತದೆ, ಹಾಟ್‌ಬಾಕ್ಸಿನಲ್ಲಿ ಮುಚ್ಚಿಟ್ಟು, ಕರಿಬೇವು ತರುತ್ತೇನೆಂದು ಚಪ್ಪಲಿ ಮೆಟ್ಟಿ ಮನೆ ಹತ್ತಿರದ ಕೆರೆ ಏರಿಗೆ, ಅಲ್ಲಿ ಕಲ್ಲು ಬೆಂಚಿದೆ, ಆ ಒಂದು ಗಂಟೆ ನನ್ನದು, ಐದೂಕಾಲಿಗೆ ಮರಳಿ ಬಂದು ಬಿಸಿ ಮಾಡುತ್ತೇನೆ, ಈಗ ಮಾಡಿದಂತೆಯೇ ಇರುತ್ತದೆ, ಯಾರಿಗೆ ಗೊತ್ತಾಗುತ್ತದೆ, ಸುಳ್ಳೇ, ಇರಲಿ, ಕರಿಬೇವು ನಿಜಕ್ಕೂ ತರುತ್ತೇನೆ. ಇವರು ದೂರದಿಂದ ಕೈಬೀಸಿ ಕರೆಯುತ್ತಿದ್ದಾರೆ, ಬಾ, ನೋಡು ಬಾ, ನಾನು ಇಲ್ಲಿಂದಲೇ ನೋಡುತ್ತಿದ್ದೇನೆ, ಮುರಿದ ಗೋಡೆ, ಅದರ ಮೇಲೆ ಒಂದಾಳೆತ್ತರ ಸೂರ್ಯ, ಇನ್ನೂ ಒಂದಾಳೆತ್ತರ.