ಬರಿಗೈ ಭಾವಂದಿರು

ಇಲಿಮನೆಗೆ ಕಿಟಕಿಯಿಲ್ಲ. ಬಾಗಿಲು ಮಾತ್ರ ಎರಡು. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುತ್ತದೆ. ನಡುವಿನ ಗೂಡಿನಲ್ಲಿ ನಿಂತು ಟೋಪಿ, ಮುಖಗವಸು ಹಾಕಿಕೊಳ್ಳುವಾಗ ಅವಳಿಗೆ ದಿನವೂ ಅದೇ ಯೋಚನೆ: ಇವತ್ತು ಎರಡೂ ತೆರೆಯದೇ ಹೋದರೆ?

ಪ್ರಯೋಗಾಲಯದ ಇಲಿಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಸಂಜೆ ಹೆಣ್ಣನ್ನು ಗಂಡಿನ ಪೆಟ್ಟಿಗೆಗೆ ಬಿಡುತ್ತಾಳೆ. ಬೆಳಿಗ್ಗೆ ಬಾಲ ಎತ್ತಿ ನೋಡುತ್ತಾಳೆ. ಗಂಡಿನ ದ್ರವ ಮೇಣದ ಬಿರಡೆಯ ಹಾಗೆ ಗಟ್ಟಿಯಾಗಿ ಕೂತಿದ್ದರೆ ಎರಡೂ ಕೂಡಿವೆ ಎಂದರ್ಥ. ಕೊನೆಯ ಸಾಲಿನ ಗಂಡುಗಳಿಗೆ ವೀರ್ಯನಾಳ ಕತ್ತರಿಸಿದೆ. ಅವೂ ಕೂಡುತ್ತವೆ, ದ್ರವವೂ ಬರುತ್ತದೆ, ಆದರೆ ಅದರಲ್ಲಿ ವೀರ್ಯಾಣು ಇರುವುದಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ದಪ್ಪಕ್ಕ ಅವಕ್ಕೆ 'ಬರಿಗೈ ಭಾವಂದಿರು' ಎಂದು ಹೆಸರಿಟ್ಟಿದ್ದಳು.

"ಬಂದ್ರು, ಉಂಡ್ರು, ಮಲಗಿದ್ರು. ತಂದಿದ್ದೇನು? ಸೊನ್ನೆ," ಎಂದು ದಪ್ಪಕ್ಕ ಅಂದಾಗಲೆಲ್ಲ ಅವಳೂ ನಗುತ್ತಿದ್ದಳು, ಗಂಡನ ಪರೀಕ್ಷೆಯ ಫಲಿತಾಂಶ ಬರುವ ತನಕ.

ಅವನಲ್ಲೂ ವೀರ್ಯಾಣು ಇರಲಿಲ್ಲ. ಮಿಕ್ಕಿದ್ದೆಲ್ಲ ಸರಿಯಿದೆ ಎಂದು ಡಾಕ್ಟರು ಹೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ಯಾರೋ ದಾನಿಯ ವೀರ್ಯದಿಂದ ಗಾಜಿನ ತಟ್ಟೆಯಲ್ಲಿ ಭ್ರೂಣಗಳಾದವು. ಎರಡು ಸಲ ಅವಳ ಗರ್ಭದಲ್ಲಿಟ್ಟರು, ಎರಡು ಸಲವೂ ನಿಲ್ಲಲಿಲ್ಲ. ಇನ್ನು ಉಳಿದಿರುವುದು ಒಂದೇ ಒಂದು. ಮತ್ತೊಂದು ಸುತ್ತಿನ ಸೂಜಿಗಳನ್ನು ಅವಳ ಮೈ ತಾಳುವುದಿಲ್ಲ. ಮುಂದಿನ ವಾರ ಆ ಕೊನೆಯದನ್ನು ಇಡುವವರಿದ್ದರು.

ದಾನಿಯ ವಿಷಯ ಅತ್ತೆಗೆ ಗೊತ್ತಿಲ್ಲ. "ನೀವಿಬ್ರೂ ಸುಮ್ಮನಿರದೇ ಕೆಡಿಸಿಕೊಂಡ್ರಿ," ಎಂದು ತೀರ್ಮಾನಿಸಿ, ಅವರು ತಮ್ಮ ಹಾಸಿಗೆಯನ್ನು ಸೊಸೆಯ ಕೋಣೆಗೆ ತಂದು ಮಗನನ್ನು ಹಾಲಿಗೆ ಅಟ್ಟಿದ್ದರು. ಸುಮ್ಮನಿರದ ಮಾತೆಲ್ಲಿ ಬಂತು, ಫಲಿತಾಂಶ ಬಂದ ದಿನದಿಂದ ಅವನು ಅವಳ ಕೈಯನ್ನೂ ಮುಟ್ಟಿರಲಿಲ್ಲ.

ಅತ್ತೆ ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಬಕೆಟ್ ಎತ್ತಲು ಬಿಡುತ್ತಿರಲಿಲ್ಲ. "ಬಚ್ಚಲಿನ ಚಿಲಕ ಹಾಕ್ಕೋಬೇಡಮ್ಮ, ಜಾರಿ ಬಿದ್ರೆ ಯಾರು ತೆಗೀತಾರೆ," ಎಂದು ಹೊರಗೇ ಕಾಯುತ್ತಿದ್ದರು. ಸಂಜೆ ಅವಳು ಬರುವ ಹೊತ್ತಿಗೆ ಮೇಲೆ ಲಿಫ್ಟಿನ ಬಾಗಿಲಲ್ಲಿ ನಿಂತಿರುತ್ತಿದ್ದರು. ಅಷ್ಟು ಪ್ರೀತಿಯಲ್ಲಿ ಉಸಿರಾಡಲು ಜಾಗವಿರಲಿಲ್ಲ.

ಆ ದಿನ ಇಲಿಮನೆಯಲ್ಲಿ ಅವಳು ಮರಿಗಳನ್ನು ನೋಡುತ್ತಿದ್ದಳು. ಬರಿಗೈ ಭಾವಂದಿರ ಜೊತೆ ಕೂಡಿದ ಹೆಣ್ಣುಗಳಿಗೆ ಬೇರೆ ಇಲಿಗಳ ಭ್ರೂಣ ಇಟ್ಟಿದ್ದರು. ದ್ರವದ ಗ್ರಂಥಿಯನ್ನೇ ತೆಗೆದ ಗಂಡುಗಳ ಜೊತೆ ಕೂಡಿದವಕ್ಕೂ ಇಟ್ಟಿದ್ದರು. ಮೊದಲ ಗುಂಪಿನ ಪೆಟ್ಟಿಗೆಗಳು ತುಂಬಿದ್ದವು. ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು.

"ಯಾಕೆ ಹೀಗೆ, ಮೇಡಂ?" ಎಂದು ಸಂಶೋಧಕಿಯನ್ನು ಕೇಳಿದಳು.

"ಆ ದ್ರವ ಬರೀ ಸಾಗಿಸೋ ಗಾಡಿ ಅಲ್ಲ. ಮುಂಚೇನೇ ಹೋಗಿ ಗರ್ಭಕ್ಕೆ ಸುದ್ದಿ ಕೊಡುತ್ತೆ. ಬರ್ತಿರೋದು ಹೊರಗಿನವರು, ಆದ್ರೆ ಶತ್ರು ಅಲ್ಲ, ಅಟ್ಟಬೇಡಿ ಅಂತ. ಮೈಯೊಳಗಿನ ಕಾವಲುಗಾರರು ತಣ್ಣಗಾಗ್ತಾರೆ, ಒಳಪದರ ಹಸನಾಗುತ್ತೆ."

"ಮನುಷ್ಯರಲ್ಲಿ? ಬೀಜ ಬೇರೆಯವರದಾಗಿದ್ರೆ?"

ಮೇಡಂ ಅವಳ ಮುಖ ನೋಡಿದರು. "ಇರಬಹುದು. ಖಚಿತವಾಗಿ ಹೇಳೋಕೆ ಬರಲ್ಲ. ನಿಮ್ಮ ಡಾಕ್ಟರನ್ನ ಕೇಳಿ."

ಕೇಳಿದಳು. ಭ್ರೂಣ ಇಡುವ ಮುಂಚೆ ಗಂಡನ ಜೊತೆ ಕೂಡಲು ಅಡ್ಡಿಯೇನಿಲ್ಲ, ಒಳ್ಳೆಯದೂ ಆಗಬಹುದು, ಭರವಸೆ ಮಾತ್ರ ಕೇಳಬೇಡಿ ಎಂದರು.

ಇದನ್ನು ಗಂಡನಿಗೆ ಹೇಳೋಣವೆಂದರೆ ಅವನು ಸಿಗಬೇಕಲ್ಲ. ಫೋನಿನಲ್ಲಿ ಕೆಲಸದ ನೆಪ. ಮನೆಯಲ್ಲಿ ಅತ್ತೆಯ ಕಿವಿ. ಅವನು ಲಿಫ್ಟ್ ಮೆಕ್ಯಾನಿಕ್. ಸಿಕ್ಕಿಕೊಂಡವರನ್ನು ಊರೆಲ್ಲ ಓಡಾಡಿ ಬಿಡಿಸುವವನು.

ಮರುದಿನ ಸಂಜೆ ಅವಳು ಬಂದಾಗ ಅವನು ಅವರದೇ ಕಟ್ಟಡದ ಲಿಫ್ಟಿಗೆ ಗ್ರೀಸ್ ಹಚ್ಚಿ ಮುಗಿಸಿದ್ದ. ಇಬ್ಬರೂ ಒಳಗೆ ಹತ್ತಿದರು. ಅವನು ಅಂಕಿಗಳನ್ನು ನೋಡುತ್ತಾ ನಿಂತ. ಎರಡು ಮಹಡಿಗಳ ನಡುವೆ ಅವಳು ಕೆಂಪು ಗುಂಡಿ ಒತ್ತಿದಳು. ಲಿಫ್ಟ್ ಕುಲುಕಿ ನಿಂತಿತು.

"ಏನು ಮಾಡಿದೆ?"

"ಸಿಕ್ಕಿಹಾಕಿಕೊಂಡಿದ್ದೀನಿ ರೀ. ಬಿಡಿಸೋದು ನಿಮ್ಮ ಕೆಲಸ ತಾನೆ?"

ಅವನು ಗುಂಡಿಯತ್ತ ಕೈ ಚಾಚಿದ. ಅವಳು ಅಡ್ಡ ನಿಂತಳು, ಇಲಿಗಳ ವಿಷಯವನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಬರಿಗೈ ಭಾವಂದಿರ ಹೆಸರನ್ನೂ ಬಿಡಲಿಲ್ಲ.

"ಒಳ್ಳೇ ಬಿರುದು," ಅಂದ ಅವನು. "ಯಾರದೋ ಮಗುವಿಗೆ ನಾನು ಹಾಸಿಗೆ ಹಾಸಿಕೊಡಬೇಕು."

"ಹಾಸದೇ ಅದು ಎಲ್ಲಿ ಮಲಗುತ್ತೆ? ಎರಡು ಸಲ ನಾನೊಬ್ಬಳೇ ಹೊತ್ತೆ, ಎರಡು ಸಲ ನಾನೊಬ್ಬಳೇ ಕಳಕೊಂಡೆ."

"ನಿಲ್ಲುತ್ತೆ ಅಂತ ಏನು ಗ್ಯಾರಂಟಿ?"

"ಇಲ್ಲ. ಅದು ನಿಲ್ಲದಿದ್ರೂ ನೀವು ಬೇಕು ನನಗೆ."

ಅಷ್ಟರಲ್ಲಿ ಮೇಲಿಂದ ಅತ್ತೆಯ ದನಿ ಕೇಳಿಸಿತು. ಲಿಫ್ಟ್ ನಿಂತಿದೆ, ಸೊಸೆ ಒಳಗಿದ್ದಾಳೆ, ಯಾರಾದರೂ ಬನ್ನಿ ಎಂದು ನೆರೆಯವರನ್ನು ಕರೆಯುತ್ತಿದ್ದರು. ಮರುಕ್ಷಣ ಅವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

"ಲೋ, ಎಲ್ಲಿದ್ದೀಯಾ? ಅವಳು ಲಿಫ್ಟಲ್ಲಿ ಸಿಕ್ಕಿಕೊಂಡಿದ್ದಾಳೆ."

"ನಾನೂ ಇಲ್ಲೇ ಸಿಕ್ಕಿಕೊಂಡಿದ್ದೀನಿ, ಅಮ್ಮ."

"ಊರವರನ್ನೆಲ್ಲ ಬಿಡಿಸೋನು ನೀನೇ ಒಳಗೆ ಕೂತ್ಯಾ?"

ಅವನಿಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದದ್ದರಿಂದ ಅದು ಅಳುವಿನ ಹಾಗೆಯೇ ಕೇಳಿಸಿತು. ಫೋನ್ ಕೆಳಗಿಳಿಸಿ ಅವಳ ಮಣಿಕಟ್ಟನ್ನು ಹಿಡಿದ, ಬೀಳುವವನು ಕಂಬಿ ಹಿಡಿಯುವಂತೆ. ಹಿಡಿದ ಕೈ ಬಿಡದೆ ಮತ್ತೆ ಫೋನ್ ಎತ್ತಿದ.

"ಅಮ್ಮ, ಇವತ್ತು ನೀನು ಹಾಲಲ್ಲಿ ಮಲಗು."



"ಡಾಕ್ಟರು ಬೇಡ ಅಂದಿಲ್ವಾ?"

"ಡಾಕ್ಟರು ಅಂದಿಲ್ಲಮ್ಮ, ನೀನು ಅಂದಿದ್ದು."

ಗುಂಡಿ ಬಿಡಿಸಿದ. ಲಿಫ್ಟ್ ಮೇಲಕ್ಕೆ ಹೊರಟಿತು, ಅತ್ತೆ ನಿಂತಿದ್ದ ಮಹಡಿಗೇ. ಬಾಗಿಲು ತೆರೆದಾಗ ಅವರು ಮೊದಲು ಮಗನನ್ನು, ಆಮೇಲೆ ಸೊಸೆಯ ಮಣಿಕಟ್ಟನ್ನು ನೋಡಿದರು. ಅಲ್ಲಿ ಐದು ಬೆರಳಿನ ಕಪ್ಪು ಗ್ರೀಸ್ ಗುರುತು.

"ಸೋಪು ಹಾಕಿ ಉಜ್ಜು. ಬರೀ ನೀರಿಗೆ ಹೋಗಲ್ಲ ಅದು," ಅಂದರು ಅತ್ತೆ. ಒಳಗೆ ಹೋಗಿ, ಸೊಂಟ ಹಿಡಿದುಕೊಂಡು ಬಗ್ಗಿ, ತಮ್ಮ ಹಾಸಿಗೆ ಸುತ್ತತೊಡಗಿದರು.