ಪರದೆ ಬಟ್ಟೆಯ ಜೋಲಿ

“ಒಂದೋ ಆ ಕೆಮ್ಮು ನಿಲ್ಸು, ಇಲ್ಲಾ ಮಗೂನ ಎತ್ಕೊಂಡು ಆಚೆ ನಡಿ. ಆಟ ಆಡೋರಿಗೆಲ್ಲ ಕೇಳಿಸ್ತಾ ಇದೆ.”

ಹಾಗಂದವನು ನಮ್ಮ ಕ್ಲಬ್ಬಿನ ಮ್ಯಾನೇಜರ್. ಕೆಮ್ಮುತ್ತಿದ್ದದ್ದು ನಾಲ್ಕು ತಿಂಗಳ ಕೂಸು.

“ಅದಕ್ಕೆ ಹೆಂಗೆ ಹೇಳೋದು ಸ್ವಾಮಿ, ಸ್ವಲ್ಪ ಮರ್ಯಾದೆಯಿಂದ ಕೆಮ್ಮಪ್ಪ ಅಂತ?” ಅಂದೆ ನಾನು, ಸೋಪಿನ ನೀರಿನಿಂದ ಕೈ ತೆಗೆಯದೆ.

“ನನಗೇ ಎದುರು ಮಾತಾಡ್ತೀಯೇನೇ ಮುದುಕಿ? ಬಾಯಿ ಮುಚ್ಕೊಂಡು ಗ್ಲಾಸು ತೊಳಿ.”

ಮುಚ್ಚಿಕೊಂಡೆ. ಇಪ್ಪತ್ತೆರಡು ವರ್ಷದಿಂದ ಬಾಯಿ ಮುಚ್ಚಿಕೊಂಡು ಗ್ಲಾಸು ತೊಳೆಯುವುದೇ ನನ್ನ ಕೆಲಸ. ಇಸ್ಪೀಟು ಆಡುವ ದೊಡ್ಡವರ ಮುಖಗಳನ್ನು ನಾನು ಅಷ್ಟಾಗಿ ಕಂಡವಳಲ್ಲ. ಅವರ ಗ್ಲಾಸುಗಳಿಂದ ಅವರನ್ನು ಬಲ್ಲೆ. ಒಬ್ಬರು ಅಂಚು ಕಚ್ಚುತ್ತಾರೆ. ಒಬ್ಬರು ಅರ್ಧ ಸೇದಿದ ಸಿಗರೇಟನ್ನು ತಳದ ಗುಟುಕಿನಲ್ಲಿ ಅದ್ದಿ ಬಿಡುತ್ತಾರೆ. ಅದನ್ನು ಬೆರಳಲ್ಲಿ ಹೆಕ್ಕಿ ತೆಗೆಯುವಾಗ ನಾನು ಅವರಿಗೆ ಏನು ಅನ್ನುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕೂಸಿನ ತಾಯಿ ಆ ಹೊತ್ತಿಗೆ ಒಳಗೆ ಇಸ್ಪೀಟಿನ ಹಾಲಿನಲ್ಲಿದ್ದಳು. ಎಂಟು ಮೇಜು, ಮೇಜಿಗೆ ನಾಲ್ಕು ಜನ. ಗಾಳಿಗೆ ಇಸ್ಪೀಟೆಲೆ ಮಗುಚಬಾರದೆಂದು ಕಿಟಕಿಗಳನ್ನು ತೆರೆಯುವುದಿಲ್ಲ. ಹೊಗೆ ತಲೆಯ ಮಟ್ಟದಲ್ಲಿ ಒಂದು ಅಟ್ಟದ ಹಾಗೆ ನಿಂತಿರುತ್ತದೆ. ಅದರ ಕೆಳಗೆ ಬಗ್ಗಿ ಬಗ್ಗಿ ಮೇಜಿನಿಂದ ಮೇಜಿಗೆ ಹೋಗಿ ಬೂದಿ ಬಟ್ಟಲು ಖಾಲಿ ಮಾಡುವುದು ಅವಳ ಕೆಲಸ. “ಏ ಬೂದಿ!” ಎಂದರೆ ಅವಳು. ಕೆಲವರು ಕರೆಯುವುದೂ ಇಲ್ಲ, ಕತ್ತೆತ್ತದೆ ಸಿಗರೇಟನ್ನು ಪಕ್ಕಕ್ಕೆ ಚಾಚುತ್ತಾರೆ ಅಷ್ಟೆ. ಅಲ್ಲಿ ಬಟ್ಟಲು ಇರಬೇಕು. ಒಮ್ಮೆ ಒಂದು ಗಳಿಗೆ ತಡವಾಗಿ, ಬಿಸಿ ಬೂದಿ ಅವಳ ಅಂಗೈಗೆ ಬಿತ್ತು. ಅವರು “ಥ್ಯಾಂಕ್ಸ್” ಅಂದರು. ಬಟ್ಟಲಿಗೇ ಬಿತ್ತು ಅಂದುಕೊಂಡು.

ನನ್ನನ್ನು ದೊಡ್ಡಮ್ಮ ಅನ್ನುತ್ತಾಳೆ. ರಕ್ತಸಂಬಂಧ ಏನೂ ಇಲ್ಲ. ಅವಳ ಗಂಡ ಬಂದರಿನಲ್ಲಿ ಮೂಟೆ ಹೊರುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಕೂಸನ್ನು ನೋಡಿಕೊಳ್ಳುವ ಗತಿ ಇಲ್ಲದೆ ಜೊತೆಗೇ ತರುತ್ತಾಳೆ. ಎತ್ತಿಕೊಳ್ಳದಿದ್ದರೆ ಗದರಿಸುವ ಹಾಗೆ ಅಳುತ್ತಾನೆ ಅಂತ ಅವನಿಗೆ ‘ಸಾಹೇಬ’ ಅಂತ ಹೆಸರಿಟ್ಟಿದ್ದಳು. “ದೊಡ್ಡಮ್ಮ, ನಮ್ಮ ಸಾಹೇಬ್ರು ಎದ್ರಾ? ಏನು ಆರ್ಡರ್ ಆಯ್ತು?” ಅಂತ ನಗುತ್ತಾ ಬಂದು ಹಾಲು ಕೊಟ್ಟು ಓಡುತ್ತಿದ್ದಳು.

ನನ್ನ ನಲ್ಲಿಯ ಪಕ್ಕದಲ್ಲೇ ಜೋಲಿ. ಹಾಲಿನ ಬಾಗಿಲು ಹಾಕಿದ್ದು, ಅಂಗಳದ ಕಿಟಕಿ ತೆರೆದಿದ್ದು. ಇಲ್ಲಿಗೆ ಹೊಗೆ ಬರುವುದಿಲ್ಲ, ಕೂಸು ಬೆಚ್ಚಗಿದೆ ಅಂತ ನಮ್ಮ ಲೆಕ್ಕ. ಜೋಲಿ ಹೊಲಿದವಳು ನಾನೇ. ವರ್ಷಕ್ಕೊಮ್ಮೆ ಹಾಲಿನ ಪರದೆಗಳನ್ನು ಬದಲಾಯಿಸುತ್ತಾರೆ. ಹಳೆಯದನ್ನು ಕೆಲಸದವರಿಗೆ ಹಂಚುತ್ತಾರೆ. ಅದಕ್ಕೊಂದು ಸಾಲು, ಒಂದು ಫೋಟೋ, ಎರಡು ಮಾತಿನ ಭಾಷಣ. ಮಖಮಲ್ಲಿನ ಬಟ್ಟೆ, ಕೈಯಿಟ್ಟರೆ ಬೆಕ್ಕಿನ ಬೆನ್ನು. ಅವಳ ಮೊದಲ ಬಸುರಿಗೆ ನನ್ನ ಪಾಲಿನ ಪರದೆಯನ್ನು ಒಗೆದು, ಒಣಗಿಸಿ, ಜೋಲಿ ಮಾಡಿ ಕೊಟ್ಟೆ. “ರಾಜರ ಮನೆ ಮಗೂಗೂ ಇಂಥ ಜೋಲಿ ಇರಲ್ಲ ಕಣೇ” ಅಂದೆ.

ಆ ಮಗು ಹೆಣ್ಣು. ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ, ಮೂರು ತಿಂಗಳಿಗೆ ತೀರಿಹೋಯಿತು. ಹೋಗುವ ಮುಂಚೆ ಹತ್ತು ದಿನ ಅದರ ಉಸಿರಿನ ಅಡಿಯಲ್ಲಿ ಒಂದು ಸೀಟಿ ಕೇಳುತ್ತಿತ್ತು. ಬಾಗಿಲ ಸಂದಿನಲ್ಲಿ ಗಾಳಿ ನುಗ್ಗುವ ಹಾಗೆ, ಸಣ್ಣಗೆ. ಅಂದಿನಿಂದ ನಾನು ನಲ್ಲಿ ನಿಲ್ಲಿಸಿದಾಗಲೆಲ್ಲ ಅದು ಕೇಳುತ್ತದೆ. ಆದ್ದರಿಂದ ನಲ್ಲಿಯನ್ನು ಪೂರ್ತಿ ನಿಲ್ಲಿಸುವುದೇ ಇಲ್ಲ. ನೀರು ಪೋಲು ಮಾಡುತ್ತೀಯ ಅಂತ ಬೈಸಿಕೊಳ್ಳುತ್ತೇನೆ.

ಮ್ಯಾನೇಜರ್ ಬೈದು ಹೋದ ಮೇಲೆ ನಲ್ಲಿಯನ್ನು ಬೇಕೆಂದೇ ಪೂರ್ತಿ ನಿಲ್ಲಿಸಿದೆ. ಸೀಟಿ ಕೇಳಿತು. ತಿರುಗಿ ನೋಡಿದರೆ ಅದು ನನ್ನ ತಲೆಯೊಳಗಿನದಲ್ಲ. ಜೋಲಿಯಿಂದ ಬರುತ್ತಿತ್ತು.

ಮಾರನೇ ಬೆಳಿಗ್ಗೆ ಇಬ್ಬರೂ ಮಕ್ಕಳ ಆಸ್ಪತ್ರೆಗೆ ಹೋದೆವು. ಎರಡು ತಾಸು ನಿಂತ ಮೇಲೆ ಸಿಕ್ಕಿದ ಡಾಕ್ಟರು ಕತ್ತೆತ್ತಲಿಲ್ಲ.

“ಎಷ್ಟು ದಿನದಿಂದ?”

“ಎಂಟು ದಿನ ಸ್ವಾಮಿ” ಅಂದಳು ಕೂಸಿನ ತಾಯಿ. “ಕೆಮ್ಮು. ರಾತ್ರಿ ಹಾಲೂ ಕುಡಿಯಲ್ಲ. ಮೊದಲನೇದೂ ಹಿಂಗೇ ಆಗಿ...”

“ಮನೇಲಿ ಯಾರು ಸೇದೋದು?”

“ಯಾರೂ ಇಲ್ಲ.”

“ಗಂಡ?”

“ನನ್ನ ಗಂಡ ಹೊಗೆ ಬಿಡೋದು ಚಳೀಲಿ ಬಾಯಿ ತೆಗೆದಾಗ ಮಾತ್ರ ಸ್ವಾಮಿ.”

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಡಾಕ್ಟರು ನಗಲಿಲ್ಲ. “ನೀವೆಲ್ಲ ಹೇಳೋದು ಇದನ್ನೇ. ಗಂಡಂದಿರನ್ನ ಮುಚ್ಚಿಟ್ಕೊಂಡು ಮಕ್ಕಳನ್ನ ಕೊಲ್ತೀರ. ಹೆರೋದಕ್ಕೆ ಮಾತ್ರ ಮುಂದು. ಔಷಧಿ ಬರ್ದಿದೀನಿ, ನಡಿ. ನೆಕ್ಸ್ಟ್!”

ಅವರ ಬೆರಳು ಹಳದಿಯಾಗಿತ್ತು. ಅವರು ಮೇಜಿನ ಮೇಲಿದ್ದ ಗ್ಲಾಸಿನಲ್ಲಿ ನೀರು ಕುಡಿದು, ತಳದಲ್ಲಿ ಒಂದು ಗುಟುಕು ಉಳಿಸಿದರು. ನನಗೆ ಆಗ ಗೊತ್ತಾಯಿತು. ನಮ್ಮ ಕ್ಲಬ್ಬಿನ ಮೂರನೇ ಮೇಜು, ಗ್ಲಾಸಿನ ತಳದಲ್ಲಿ ಸಿಗರೇಟು ಅದ್ದುವವರು. ಅವಳಿಗೆ ಮೊದಲೇ ಗೊತ್ತಿತ್ತು, ದಿನವೂ ಅವರ ಮೊಣಕೈ ಪಕ್ಕದಲ್ಲಿ ನಿಲ್ಲುವವಳು. ಅವರಿಗೆ ಮಾತ್ರ ಅವಳ ಗುರುತು ಸಿಗಲಿಲ್ಲ. ಬಟ್ಟಲು ಹಿಡಿದ ಕೈ ಬಿಟ್ಟು ಅವಳದ್ದು ಬೇರೇನನ್ನೂ ಅವರು ನೋಡಿರಲಿಲ್ಲ.

ಹೊರಗೆ ಔಷಧಿ ಕೊಡುತ್ತಿದ್ದ ನರ್ಸು ಕೂಸನ್ನು ಎತ್ತಿಕೊಂಡಳು. ಮೂಗು ಮುದುಡಿದಳು.

“ಇದೇನಿದು, ಯಾವ ಬಟ್ಟೆ ಸುತ್ತಿದೀರ?”

“ಜೋಲಿ ಬಟ್ಟೆ ಸಿಸ್ಟರ್. ಮಖಮಲ್ಲು.”

“ಮಖಮಲ್ಲೋ ಮಣ್ಣೋ, ಸಿಗರೇಟ್ ವಾಸನೆ ಮುಖಕ್ಕೆ ಹೊಡೀತಿದೆ. ನಿಮಗೆ ಬರ್ತಿಲ್ವಾ?”

ಇಬ್ಬರೂ ಬಟ್ಟೆಗೆ ಮೂಗಿಟ್ಟೆವು. ಅವಳು ನನ್ನ ಮುಖ ನೋಡಿದಳು, ನಾನು ಅವಳದ್ದು ನೋಡಿದೆ.

“ಸೋಪಿನ ವಾಸನೆ ಕಣಮ್ಮ” ಅಂದೆ.

ಕುರುಡರನ್ನು ನೋಡುವ ಹಾಗೆ ನರ್ಸು ನಮ್ಮನ್ನು ನೋಡಿದಳು. ಎಲ್ಲಿ ಕೆಲಸ ಅಂತ ಕೇಳಿದಳು. ಹೇಳಿದೆವು. ಅವಳು ದನಿ ತಗ್ಗಿಸಿದಳು.

“ಹೊಗೆ ಹೋಯ್ತು ಅಂದ್ರೆ ಹೋಗಲ್ಲಮ್ಮ. ಬಟ್ಟೇಲಿ ಕೂರುತ್ತೆ, ಕೂದಲಲ್ಲಿ ಕೂರುತ್ತೆ. ದೊಡ್ಡವರು ನೀವು ತಡ್ಕೋತೀರ. ಇದರ ಉಸಿರಿನ ಕೊಳವೆ ನೋಡಿ, ಹುಲ್ಲುಕಡ್ಡಿಯಷ್ಟೂ ಇಲ್ಲ. ಈ ಬಟ್ಟೆ ಬಿಸಾಕಿ. ನೀನು ಹಾಲು ಕೊಡೋ ಮುಂಚೆ ಬಟ್ಟೆ ಬದಲಾಯಿಸು, ಕೈ ಮುಖ ತೊಳಿ. ಆಗೋದಾದ್ರೆ ಆ ಕೆಲಸಾನೇ ಬಿಡು.”

“ಬಿಟ್ರೆ ಹಾಲು ಎಲ್ಲಿಂದ ಬರ್ಬೇಕು ಸಿಸ್ಟರ್?”

ನರ್ಸು ಒಳಗೆ ಹೋದಳು. ಆಸ್ಪತ್ರೆಯ ಬಿಳಿ ಬಟ್ಟೆಯ ತುಂಡೊಂದನ್ನು ಕದ್ದು ತಂದು ಕೂಸಿಗೆ ಸುತ್ತಿದಳು. “ಉಸಿರು ಎಳೆಯುವಾಗ ಪಕ್ಕೆ ಒಳಗೆ ಹೋಗೋ ಹಂಗಾದ್ರೆ, ತುಟಿ ನೀಲಿ ಆದ್ರೆ, ಒಂದು ನಿಮಿಷಾನೂ ಕಾಯ್ಬೇಡ. ಓಡಿ ಬಾ. ಗೊತ್ತಾಯ್ತಾ?”

“ನಮ್ಮ ಮೊದಲ ಹುಡುಗೀನೂ ಇದೇ ಜೋಲೀಲಿ ಮಲಗಿದ್ದು” ಅಂದಳು ಅವಳು.

ನರ್ಸು ಮುಂದಿನವರ ಚೀಟಿ ಕೈಗೆತ್ತಿಕೊಂಡಳು.

ಕ್ಲಬ್ಬಿನ ಕಡೆ ನಡೆದೆವು. ಸೇತುವೆ ದಾಟಿದ ಮೇಲೆ ಕೇಳಿದಳು: “ದೊಡ್ಡಮ್ಮ, ಪರದೇನ ನೀನು ಮೂರು ನೀರು ಹಾಕಿ ಒಗೆದಿದ್ದೆ ಅಲ್ವಾ?”

“ಐದು ಕಣೇ. ಐದು ನೀರು.”

“ಐದನೇ ನೀರು ಯಾವ ಬಣ್ಣ ಇತ್ತು?”

ಸುಳ್ಳು ಹೇಳಬಹುದಿತ್ತು. ಅವಳು ಕೂಸಿನ ಮುಖವನ್ನೇ ನೋಡುತ್ತಾ ನಡೆಯುತ್ತಿದ್ದಳು, ನನ್ನ ಕಡೆ ತಿರುಗಿರಲಿಲ್ಲ.

“ಹಳದಿ ಇತ್ತು” ಅಂದೆ. “ಬಟ್ಟೆ ಬಣ್ಣ ಬಿಡ್ತಿದೆ ಅಂದ್ಕೊಂಡೆ.”

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. “ನೀನು ಐದು ಸಲ ಒಗೆದಿದ್ದೆ ಬಿಡು” ಅಂದಳು. ಅಷ್ಟೇ.

ಕ್ಲಬ್ಬಿಗೆ ಬಂದವಳೇ ಮ್ಯಾನೇಜರ್ ಮುಂದೆ ನಿಂತಳು. “ನನ್ನನ್ನ ಹಾಲಿಂದ ತೆಗೀರಿ ಸ್ವಾಮಿ. ತೋಟಕ್ಕೆ ಹಾಕಿ, ಚರಂಡಿಗೆ ಹಾಕಿ. ಹೊಗೆ ಇಲ್ಲದ ಕಡೆ ಎಲ್ಲಾದ್ರೂ.”

“ಓಹೋ. ನಿನ್ನ ಎದೆಹಾಲಿಗೆ ವಾಸನೆ ಬರ್ತದೆ ಅಂತ ನಾನು ಕ್ಲಬ್ಬು ಮುಚ್ಲಾ?”

“ಮುಚ್ಚಿ ಅನ್ನಲಿಲ್ಲ. ನನ್ನ ಜಾಗ ಬದಲಾಯಿಸಿ ಅಂದೆ.”

“ಡಾಕ್ಟ್ರ ಹತ್ರ ಬರೆಸ್ಕೊಂಡು ಬಾ, ಈ ಬೇವರ್ಸಿ ಕೂಸಿಗೆ ಹೊಗೆ ಆಗಲ್ಲ ಅಂತ. ಆಮೇಲೆ ನೋಡೋಣ. ಹೋಗು, ಮೂರನೇ ಮೇಜು ತುಂಬಿದೆ.”

ಅವಳು ಹೋದಳು. ಮಧ್ಯಾಹ್ನದ ಆಟ ಶುರುವಾಗಿತ್ತು. ಪರದೆ ಬಟ್ಟೆಯನ್ನು ನಾನು ಕಸದ ಡಬ್ಬಿಗೆ ಹಾಕಿ, ಬಿಳಿ ತುಂಡಿನಲ್ಲಿ ಸುತ್ತಿದ ಸಾಹೇಬನನ್ನು ಅಂಗಳದಲ್ಲಿ ನೆಲದ ಮೇಲೆ ಮಲಗಿಸಿ, ಪಕ್ಕದಲ್ಲೇ ಕೂತು ಗ್ಲಾಸು ಒರೆಸುತ್ತಿದ್ದೆ. ಇಲ್ಲಿ ಗಾಳಿ ಚೆನ್ನಾಗಿತ್ತು. ನಾಲ್ಕು ಗಂಟೆಯ ಹೊತ್ತಿಗೆ ಅವನ ಕೆಮ್ಮು ನಿಂತಿತು. ನೆಮ್ಮದಿಯಾಯಿತು ಅಂದುಕೊಂಡೆ. ಆಮೇಲೆ ಬಟ್ಟೆ ಸರಿಸಿ ನೋಡಿದೆ. ಒಂದೊಂದು ಉಸಿರಿಗೂ ಪಕ್ಕೆಗಳ ಕೆಳಗೆ ಗುಳಿ ಬೀಳುತ್ತಿತ್ತು, ಯಾರೋ ಒಳಗಿಂದ ಹೆಬ್ಬೆರಳಲ್ಲಿ ಎಳೆಯುವ ಹಾಗೆ.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಾನು ಹಾಲಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಅವಳು ನನ್ನ ಕೈಯಲ್ಲಿದ್ದ ಕೂಸನ್ನು ನೋಡಿದಳು. ಬಟ್ಟಲನ್ನು ಕೈಬಿಟ್ಟಳು. ಕೂಸನ್ನು ಎತ್ತಿಕೊಂಡವಳು ಹೊರಗೆ ಓಡುತ್ತಾಳೆ ಅಂದುಕೊಂಡೆ. ಮೂರನೇ ಮೇಜಿಗೆ ಹೋಗಿ, ಎಲೆಗಳ ಮೇಲೆಯೇ ಸಾಹೇಬನನ್ನು ಮಲಗಿಸಿ, ಬಿಳಿ ಬಟ್ಟೆ ಬಿಚ್ಚಿದಳು.

“ಯಾವಳ್ರೀ ಇವಳು?”

“ಬೂದಿ ಕಣ್ರೀ, ನಮ್ಮ ಬೂದಿ.”

“ಎಲೆ ಮುಚ್ಕೊಳ್ರೋ, ಆಟ ಕೆಡುತ್ತೆ!”

ಅವಳು ಡಾಕ್ಟರನ್ನೇ ನೋಡುತ್ತಿದ್ದಳು. “ಮನೇಲಿ ಯಾರು ಸೇದೋದು ಅಂತ ಕೇಳಿದ್ರಲ್ಲ ಬೆಳಿಗ್ಗೆ. ಈಗ ಹೇಳ್ತೀನಿ. ನೀವು ಸೇದ್ತೀರ. ದಿನಾ ಮಧ್ಯಾಹ್ನದಿಂದ ಸಂಜೆವರೆಗೆ ಹದಿನಾಲ್ಕು. ಇವರು ಒಂಬತ್ತು. ಅವರದ್ದು ದಪ್ಪಂದು, ನಾಲ್ಕು. ನಾನೇ ಎತ್ತಿ ಹಾಕೋದು, ನನ್ನ ಲೆಕ್ಕ ತಪ್ಪಲ್ಲ.”

ಮ್ಯಾನೇಜರ್ ಓಡಿ ಬಂದ. “ಹಲ್ಕಾ ಮುಂಡೇ, ಎತ್ತೇ ಅದನ್ನ! ಕ್ಷಮಿಸಿ ಸಾರ್, ಕ್ಷಮಿಸಿ.” ಅವಳ ರಟ್ಟೆಗೆ ಕೈ ಹಾಕಿದ. ನನ್ನ ಕೈಯಲ್ಲಿ ಒರೆಸುತ್ತಿದ್ದ ಗ್ಲಾಸು ಇನ್ನೂ ಇತ್ತು. ಅದನ್ನು ಅವನ ಕಾಲ ಬುಡಕ್ಕೆ ಒಡೆದೆ. ಬೇಕೆಂದು ಒಡೆದೆನೋ ಜಾರಿತೋ ನನಗೇ ಗೊತ್ತಿಲ್ಲ, ಅಂತೂ ಅವನು ಹಿಂದಕ್ಕೆ ಹಾರಿದ.

ಹಾಲಿನಲ್ಲಿ ಸದ್ದಡಗಿತು. ಎಂಟು ಮೇಜಿಗೂ ಆ ಸೀಟಿ ಕೇಳಿತು. ಒಂದು, ಮತ್ತೊಂದು, ಅದರ ಬೆನ್ನಿಗೇ ಮತ್ತೊಂದು.

ಡಾಕ್ಟರು ಬಗ್ಗಿ ಕೂಸಿನ ಎದೆಗೆ ಕಿವಿಯಿಟ್ಟರು. ಎದ್ದಾಗ ಅವರ ಮುಖ ಬೆಳಗಿನದ್ದಾಗಿರಲಿಲ್ಲ. “ಇದನ್ನ ಈಗಲೇ ಅಡ್ಮಿಟ್ ಮಾಡ್ಬೇಕು. ಆಕ್ಸಿಜನ್ ಕೊಡ್ಬೇಕು.”

“ಹಿಂದಿನ ಬಾಗಿಲಿಂದ ಕರ್ಕೊಂಡು ಹೋಗು” ಅಂದ ಮ್ಯಾನೇಜರ್, ದೂರದಿಂದಲೇ.

“ಕಾರು ನಿಂತಿರೋದು ಮುಂದುಗಡೆ” ಅಂದಳು ಅವಳು. “ಏಳಿ ಡಾಕ್ಟ್ರೇ. ಬೀಗದ ಕೈ ತಗೊಳ್ಳಿ.”

ಡಾಕ್ಟರು ತಮ್ಮ ಜೊತೆಗಾರರನ್ನು ನೋಡಿದರು. ಎದ್ದರು.

ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತೆವು. ಅಂಥ ಮೆತ್ತೆಯ ಮೇಲೆ ನಾನು ಎಂದೂ ಕೂತವಳಲ್ಲ. ಕೂತಿದ್ದೇ ತಡ, ಅದು ಯಾವ ಬಟ್ಟೆಯೋ, ಯಾವ ವಾಸನೆಯೋ ಅಂತ ಮೂಗಿಟ್ಟೆ. ನನ್ನ ಮೂಗಿಗೆ ಏನೂ ತಿಳಿಯಲಿಲ್ಲ.

“ಕಿಟಕಿ ಇಳಿಸಿ” ಅಂದಳು ಅವಳು.

“ಗಾಳಿ ಹೊಡೆಯುತ್ತೆ, ಮಗೂಗೆ ಶೀತ...”

“ನಾಲ್ಕೂ ಇಳಿಸಿ.”

ಇಳಿಸಿದರು. ಕಾರು ಗೇಟು ದಾಟಿತು. ಕೂಸಿನ ತುಟಿ ಬೂದುಬಣ್ಣಕ್ಕೆ ತಿರುಗಿತ್ತು, ಆದರೆ ಸೀಟಿ ಇತ್ತು. ಅದು ಇರಲಿ, ಇರಲಿ ಅಂತ ನಾನು ಒಳಗೊಳಗೇ ಬೇಡುತ್ತಿದ್ದೆ. ಯಾವ ಸದ್ದು ಕೇಳಬಾರದೆಂದು ಇಷ್ಟು ದಿನ ನೀರು ಹರಿಸಿದ್ದೆನೋ, ಅದನ್ನೇ.

“ನೀನು ಕ್ಲಬ್ಬಿನವಳು ಅಂತ ಬೆಳಿಗ್ಗೆನೇ ಹೇಳ್ಬಾರದಿತ್ತಾ?” ಅಂದರು ಡಾಕ್ಟರು, ರಸ್ತೆ ನೋಡುತ್ತಾ.

“ಮೂರು ವರ್ಷದಿಂದ ನಿಮ್ಮ ಪಕ್ಕದಲ್ಲೇ ನಿಂತಿದೀನಿ ಸ್ವಾಮಿ.”

ಸೇತುವೆಯ ಹತ್ತಿರ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಕಾರು ನಿಂತಿತು. ಡಾಕ್ಟರ ಎಡಗೈ ತಾನೇ ತಾನಾಗಿ ಜೇಬಿಗೆ ಹೋಯಿತು, ಒಂದು ಸಿಗರೇಟು ತುಟಿಗೆ ಬಂತು, ಕಡ್ಡಿ ಗೀರಿತು. ಅವರಿಗೆ ತಾವೇನು ಮಾಡುತ್ತಿದ್ದೇವೆಂಬ ಎಚ್ಚರವೇ ಇರಲಿಲ್ಲ. ಅವಳು ಕೂಸನ್ನು ನನ್ನ ಮಡಿಲಿಗೆ ಹಾಕಿ, ಸೀಟಿನ ಮೇಲೆ ಬಾಗಿ, ಹೊತ್ತಿದ ಸಿಗರೇಟನ್ನು ಅವರ ತುಟಿಯ ನಡುವಿನಿಂದ ಕಿತ್ತು ಕಿಟಕಿಯಾಚೆ ಎಸೆದಳು.